ಯೋಧನ ಬಾಲ್ಯವೂ ಯುದ್ಧಾಘಾತವೂ: ಒಂದು ವಿವಾದದ ಚರಿತ್ರೆ

೧

ಉತ್ತರಕುಮಾರನ ಪೌರುಷವು ನಮ್ಮ ನಾಡಿನಲ್ಲಿ ಗಾದೆಯಾಗಿ ನಿಂತಿರುವುದು ಸರ್ವವಿದಿತವಾದ ವಿಷಯ. ಅಂತಃಪುರದ ಸ್ತ್ರೀಯರ ನಡುವೆ ಬಡಾಯಿ ಕೊಚ್ಚಿಕೊಂಡು ಹೊರಟ ಆ ರಾಜಪುತ್ರನು ಕೌರವಸೇನೆಯನ್ನು ಕಂಡೊಡನೆಯೇ ರಥದಿಂದ ಧುಮುಕಿ ಓಡಿದನೆಂಬುದನ್ನು ಕೇಳಿದವರು, ಆ ಓಟಕ್ಕೆ ಕಾರಣವನ್ನು ರಣರಂಗದಲ್ಲಿ ಹುಡುಕುವುದಿಲ್ಲ. ಅವನು ಬೆಳೆದ ಬಗೆಯಲ್ಲಿಯೇ ಹುಡುಕುತ್ತಾರೆ. ಆದರೆ ಅದೇ ಮಹಾಭಾರತದಲ್ಲಿ, ಶಿಕ್ಷಣದಲ್ಲಿಯಾಗಲಿ ಶೌರ್ಯದಲ್ಲಿಯಾಗಲಿ ಯಾವ ಕುಂದೂ ಇಲ್ಲದ ಅರ್ಜುನನ ಕೈಯಿಂದಲೂ ಗಾಂಡೀವವು ಜಾರುತ್ತದೆ. ಅವನ ವಿಷಾದವು ಅಂಜಿಕೆಯಿಂದ ಹುಟ್ಟಿದುದಲ್ಲವೆಂಬುದು ನಿಜ. ಆದರೂ ಅವನ ಮೈನಡುಕಕ್ಕೆ ಕಾರಣವು ಬಾಲ್ಯದಲ್ಲಿಲ್ಲ, ಕಣ್ಣೆದುರಿನ ಯುದ್ಧದಲ್ಲಿಯೇ ಇದೆ. ಯೋಧನ ಮನಸ್ಸು ಕುಸಿದಾಗ ಅದಕ್ಕೆ ಅವನ ಹಿಂದಿನ ಬಾಳು ಕಾರಣವೋ, ಯುದ್ಧವೇ ಕಾರಣವೋ ಎಂಬ ಪ್ರಶ್ನೆಯ ಎರಡು ಮುಖಗಳೂ ಹೀಗೆ ನಮಗೆ ಪರಿಚಿತವಾದುವೇ ಆಗಿವೆ.

ಪಾಶ್ಚಾತ್ಯ ದೇಶಗಳಲ್ಲಿ ಈ ಪ್ರಶ್ನೆಯು ೧೯೧೪ರಲ್ಲಿ ಆರಂಭವಾದ ಮಹಾಯುದ್ಧದ ಕಾಲದಿಂದ ಮೊದಲ್ಗೊಂಡು ಒಂದು ಶತಮಾನಕ್ಕೂ ಮೇಲ್ಪಟ್ಟು ಚರ್ಚಿತವಾಗುತ್ತ ಬಂದಿದೆ. ಅದು ವೈದ್ಯಶಾಸ್ತ್ರದ ಪ್ರಶ್ನೆಯಾಗಿದ್ದಷ್ಟೇ ರಾಜ್ಯದ ಬೊಕ್ಕಸದ ಪ್ರಶ್ನೆಯೂ ಆಗಿದ್ದಿತು. ರೋಗಕ್ಕೆ ಯುದ್ಧವು ಕಾರಣವಾದರೆ ಯೋಧನಿಗೆ ಪಿಂಚಣಿ ಸಲ್ಲಬೇಕು. ಅವನ ಬಾಲ್ಯವು ಕಾರಣವಾದರೆ ರಾಜ್ಯಕ್ಕೆ ಆ ಋಣವಿಲ್ಲ. ಶಾಸ್ತ್ರದ ತೀರ್ಮಾನಕ್ಕೆ ಇಂತಹ ಲೌಕಿಕ ಫಲವು ಅಂಟಿಕೊಂಡಿದ್ದುದರಿಂದ, ಸತ್ಯಾನ್ವೇಷಣೆಯು ಒಮ್ಮೆ ಒಂದು ಕಡೆಗೂ ಇನ್ನೊಮ್ಮೆ ಇನ್ನೊಂದು ಕಡೆಗೂ ಓಲಿತು. ಆ ಓಲಾಟದ ಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸಿ, ಈಗಿನ ಸಂಶೋಧನೆಗಳಿಂದ ಯಾವುದು ಸಿದ್ಧವಾಗಿದೆಯೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ರೋಗದ ಸ್ವರೂಪವನ್ನು ಮೊದಲು ಹೇಳಬೇಕು. ಕಾಳಗವು ಮುಗಿದು ತಿಂಗಳುಗಳೋ ವರ್ಷಗಳೋ ಕಳೆದಮೇಲೂ ಯೋಧನಿಗೆ ಅಲ್ಲಿಯ ಘೋರದೃಶ್ಯಗಳು ಕನಸಿನಲ್ಲಿಯೂ ಎಚ್ಚರದಲ್ಲಿಯೂ ಮರುಕಳಿಸುತ್ತವೆ, ಅವನ್ನು ನೆನಪಿಗೆ ತರುವ ಸ್ಥಳಗಳನ್ನೂ ಮಾತುಗಳನ್ನೂ ಅವನು ದೂರವಿಡುತ್ತಾನೆ, ಸಣ್ಣ ಸದ್ದಿಗೂ ಬೆಚ್ಚಿಬೀಳುತ್ತಾನೆ, ನಿದ್ರೆ ಕೆಡುತ್ತದೆ, ಸಿಟ್ಟು ಹೆಚ್ಚುತ್ತದೆ, ಹೆಂಡಿರು ಮಕ್ಕಳ ಮೇಲಣ ಅಕ್ಕರೆಯೂ ಬತ್ತಿದಂತಾಗುತ್ತದೆ. ಅಮೆರಿಕದ ಮನೋವೈದ್ಯರ ಸಂಘವು ೧೯೮೦ರಲ್ಲಿ ಇದಕ್ಕೆ ಪೋಸ್ಟ್ ಟ್ರಾಮಾಟಿಕ್ ಸ್ಟ್ರೆಸ್ ಡಿಸಾರ್ಡರ್ ಎಂಬ ಹೆಸರನ್ನು ಕೊಟ್ಟಿತು. ಇಲ್ಲಿ ಅದನ್ನು ಆಘಾತೋತ್ತರ ಮನೋವ್ಯಾಧಿ ಎಂದು ಕರೆಯಲಾಗಿದೆ.

೨

ಕೇಂಬ್ರಿಜ್ಜಿನ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಸ್ಯಾಮ್ಯುಅಲ್ ಮೈಯರ್ಸ್ ಎಂಬವರು ೧೯೧೫ನೆಯ ಫೆಬ್ರವರಿಯಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯಲ್ಲಿ ಮೂವರು ಸೈನಿಕರ ವೃತ್ತಾಂತವನ್ನು ಪ್ರಕಟಿಸಿದರು. ಸಮೀಪದಲ್ಲಿಯೇ ಷೆಲ್ಲುಗಳು ಸಿಡಿದ ಬಳಿಕ ಇವರಿಗೆ ನೋಟವೂ ನೆನಪೂ ರುಚಿ ವಾಸನೆಗಳ ಅರಿವೂ ಕೆಟ್ಟಿದ್ದುವು. ಷೆಲ್ ಷಾಕ್ ಎಂಬ ಮಾತು ವೈದ್ಯಸಾಹಿತ್ಯದಲ್ಲಿ ಪ್ರಸಿದ್ಧಿಗೆ ಬಂದುದು ಈ ಲೇಖನದಿಂದಲೇ. ಸ್ಫೋಟದ ಬಡಿತದಿಂದ ನರಮಂಡಲಕ್ಕೇ ಪೆಟ್ಟು ಬೀಳುವುದೆಂದು ಮೊದಮೊದಲು ಹಲವರು ನಂಬಿದ್ದರು. ಆದರೆ ಷೆಲ್ಲಿನ ಹತ್ತಿರಕ್ಕೂ ಹೋಗದವರಲ್ಲಿ ಅವೇ ಲಕ್ಷಣಗಳು ಕಾಣಿಸಿಕೊಂಡುದರಿಂದ ಆ ವಾದವು ಬಹುಕಾಲ ನಿಲ್ಲಲಿಲ್ಲ. ಕಾರಣವು ದೇಹದಲ್ಲಿಲ್ಲವಾದರೆ ಮನಸ್ಸಿನಲ್ಲಿರಬೇಕಷ್ಟೆ. ಮನಸ್ಸಿನಲ್ಲಿದ್ದರೆ, ಒಂದೇ ಕಂದಕದಲ್ಲಿ ನಿಂತ ಇಬ್ಬರಲ್ಲಿ ಒಬ್ಬನು ಕುಸಿದು ಇನ್ನೊಬ್ಬನು ಕುಸಿಯದೆ ಉಳಿಯುವುದೇಕೆ? ಯೋಧನ ಪೂರ್ವವೃತ್ತಾಂತದ ವಿಚಾರವು ಶಾಸ್ತ್ರದೊಳಕ್ಕೆ ಬಂದುದು ಈ ಪ್ರಶ್ನೆಯ ಮೂಲಕ.

ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ ಫ್ರೆಡರಿಕ್ ಮಾಟ್ ಎಂಬವರ ಆಶ್ರಯದಲ್ಲಿ ಕೆಲಸಮಾಡಿದ ಜೂಲಿಯನ್ ವೂಲ್ಫ್‌ಸನ್ ಎಂಬ ವೈದ್ಯರು ನರರೋಗಕ್ಕೀಡಾದ ನೂರು ಸೈನಿಕರನ್ನು, ಕೇವಲ ದೇಹಕ್ಕೆ ಗಾಯವಾಗಿದ್ದ ನೂರು ಸೈನಿಕರೊಡನೆ ಹೋಲಿಸಿ, ೧೯೧೮ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮೊದಲನೆಯ ಗುಂಪಿನಲ್ಲಿ ಬಹುಪಾಲು ಜನರ ಮನೆತನದಲ್ಲಿ ಮನೋವ್ಯಾಧಿಯೋ ಕುಡಿತವೋ ಇದ್ದುದಾಗಿಯೂ, ಅವರಿಗೇ ಯುದ್ಧಕ್ಕೆ ಮೊದಲಿನಿಂದ ನರದೌರ್ಬಲ್ಯವಿದ್ದುದಾಗಿಯೂ ಅವರು ಕಂಡರು. ರೋಗಿಗಳನ್ನು ಮಾತ್ರವೇ ನೋಡಿ ಊಹಿಸದೆ, ರೋಗವಿಲ್ಲದವರನ್ನೂ ಪಕ್ಕದಲ್ಲಿಟ್ಟು ನೋಡಿದ ಈ ಕ್ರಮವು ಆ ಕಾಲಕ್ಕೆ ಶ್ಲಾಘ್ಯವಾದುದೇ ಸರಿ. ಆದರೆ ಇದರಲ್ಲಿ ಒಂದು ದೋಷವುಂಟು. ನರಳುತ್ತಿರುವವನನ್ನು ಬಾಲ್ಯದ ವಿಷಯವಾಗಿ ಕೇಳಿದರೆ, ಅವನು ತನ್ನ ಈಗಿನ ಕಷ್ಟಕ್ಕೆ ಕಾರಣವನ್ನು ಅಲ್ಲಿ ಹುಡುಕಿ ಹೇಳುವನು; ಕೈಗೆ ಗುಂಡು ತಗಲಿದವನಿಗೆ ಹಾಗೆ ಹುಡುಕುವ ಅಗತ್ಯವಿರುವುದಿಲ್ಲ. ಈ ತೊಡಕು ಮುಂದಿನ ನೂರು ವರ್ಷಗಳ ಸಂಶೋಧನೆಯನ್ನೆಲ್ಲ ಹಿಂಬಾಲಿಸಿತು.

ಇಷ್ಟರಲ್ಲಿ ಆಡಳಿತಗಾರರು ತಮ್ಮ ವಿಂಗಡಣೆಯನ್ನು ಮಾಡಿಬಿಟ್ಟಿದ್ದರು. ಬ್ರಿಟಿಷ್ ಸೈನ್ಯದಲ್ಲಿ ಷೆಲ್ ಷಾಕ್ ರೋಗಿಗಳನ್ನು ಶತ್ರುವಿನ ಕೃತ್ಯದಿಂದ ಗಾಯಗೊಂಡವರೆಂದೂ ಕೇವಲ ಕಾಯಿಲೆ ಬಿದ್ದವರೆಂದೂ ಎರಡಾಗಿ ಬೇರ್ಪಡಿಸಿದರು. ಮೊದಲನೆಯವರಿಗೆ ಗಾಯಾಳುವಿನ ಗೌರವಚಿಹ್ನೆ, ಎರಡನೆಯವರಿಗೆ ಅದಿಲ್ಲ. ಪಿಂಚಣಿಯ ಇಲಾಖೆಯಲ್ಲಿಯೂ ಸೇವೆಯಿಂದಲೇ ಉಂಟಾದ ರೋಗವು ಬೇರೆ, ಮೊದಲೇ ಇದ್ದು ಸೇವೆಯಿಂದ ಉಲ್ಬಣಿಸಿದ ರೋಗವು ಬೇರೆ ಎಂಬ ಭೇದವು ನೆಲೆಗೊಂಡಿತು. ಹೀಗೆ ತನ್ನ ತಾಯಿ ತಂದೆಗಳ ಕಾಯಿಲೆಕಸಾಲೆಗಳನ್ನು ವೈದ್ಯನಿಗೆ ಯಥಾರ್ಥವಾಗಿ ಹೇಳಿದ ಸೈನಿಕನು ತನ್ನ ಹಕ್ಕಿಗೆ ತಾನೇ ಕುತ್ತು ತಂದುಕೊಳ್ಳುವಂತಾಯಿತು. ಯುದ್ಧವು ಮುಗಿದು ಮೂರು ವರ್ಷಗಳಾದಮೇಲೂ ಬ್ರಿಟನ್ನಿನಲ್ಲಿ ಇಂತಹ ನರರೋಗಗಳಿಗಾಗಿ ಪಿಂಚಣಿ ಪಡೆಯುತ್ತಿದ್ದವರು ಸುಮಾರು ೬೫,೦೦೦ ಮಂದಿ ಎಂಬುದನ್ನು ಲಕ್ಷಿಸಿದರೆ, ಈ ಭೇದದ ಹಿಂದಿದ್ದ ಆರ್ಥಿಕ ಕಾರಣವು ಸ್ಪಷ್ಟವಾಗುತ್ತದೆ.

ಜರ್ಮನಿಯಲ್ಲಿ ಈ ವಾದವು ಇನ್ನೂ ಕಠೋರವಾದ ರೂಪವನ್ನು ತಾಳಿತು. ಹರ್ಮನ್ ಒಪ್ಪೆನ್‌ಹೈಮ್ ಎಂಬ ಬರ್ಲಿನ್ನಿನ ನರವೈದ್ಯರು ಆಘಾತಜನ್ಯ ನರರೋಗವೆಂಬ ತತ್ತ್ವವನ್ನು ೧೮೮೯ರಲ್ಲಿಯೇ ಪ್ರತಿಪಾದಿಸಿದ್ದರು. ೧೯೧೬ರಲ್ಲಿ ಮ್ಯೂನಿಕ್ಕಿನಲ್ಲಿ ಸೇರಿದ ವೈದ್ಯರ ಸಮ್ಮೇಳನದಲ್ಲಿ ಮ್ಯಾಕ್ಸ್ ನೋನೆ, ರಾಬರ್ಟ್ ಗೌಪ್ ಮೊದಲಾದವರು ಅವರ ಮತವನ್ನು ಖಂಡಿಸಿದರು. ರೋಗಕ್ಕೆ ಮೂಲವು ಘಟನೆಯಲ್ಲಿಲ್ಲ, ರೋಗಿಯ ದುರ್ಬಲ ಪ್ರಕೃತಿಯಲ್ಲಿಯೂ ಪಿಂಚಣಿಯ ಆಸೆಯಲ್ಲಿಯೂ ಇದೆಯೆಂಬುದು ಗೆದ್ದ ಪಕ್ಷದ ಅಭಿಪ್ರಾಯ. ಕೊನೆಗೆ ೧೯೨೬ರಲ್ಲಿ ಜರ್ಮನ್ ರಾಷ್ಟ್ರೀಯ ವಿಮಾ ಕಚೇರಿಯು ಇಂತಹ ನರರೋಗಕ್ಕೆ ಪರಿಹಾರವು ಸಲ್ಲದೆಂದು ತೀರ್ಮಾನಿಸಿತು. ಪೂರ್ವಪ್ರಕೃತಿಯೆಂಬ ಒಂದು ಭಾಗಶಃ ಸತ್ಯವು ಪೂರ್ಣಸತ್ಯದ ಪೀಠವನ್ನೇರಿದರೆ ಏನಾಗುವುದೆಂಬುದಕ್ಕೆ ಇದೇ ನಿದರ್ಶನ.

೩

ಈ ಕೋಲಾಹಲದ ನಡುವೆ ಬಾಲ್ಯದ ವಿಷಯವನ್ನು ಬೇರೊಂದು ರೀತಿಯಲ್ಲಿ ಆಲೋಚಿಸಿದವರು ಡಬ್ಲ್ಯೂ. ಎಚ್. ಆರ್. ರಿವರ್ಸ್ ಅವರು. ಇವರ ಹೆಸರು ನಮ್ಮ ವಿದ್ವಾಂಸರಿಗೆ ಹೊಸದಲ್ಲ. ನಮ್ಮ ನಾಡಿನ ಅಂಚಿನಲ್ಲಿರುವ ನೀಲಗಿರಿಯ ತೋಡ ಜನರ ಆಚಾರವ್ಯವಹಾರಗಳನ್ನು ಕುರಿತು ೧೯೦೬ರಲ್ಲಿ ಬೃಹದ್ಗ್ರಂಥವನ್ನು ಪ್ರಕಟಿಸಿದವರು ಇವರೇ. ಒಂದು ಸಮಾಜವು ತನ್ನ ಮಕ್ಕಳನ್ನು ಹೇಗೆ ತಿದ್ದಿ ಬೆಳೆಸುವುದೆಂಬುದನ್ನು ದೂರದ ಜನರಲ್ಲಿ ನೋಡಿ ಅಭ್ಯಾಸವಾಗಿದ್ದ ಈ ಪಂಡಿತರು, ಎಡಿನ್‌ಬರೋ ಬಳಿಯ ಕ್ರೇಗ್‌ಲಾಕ್‌ಹಾರ್ಟ್ ಸೈನಿಕಾಸ್ಪತ್ರೆಯಲ್ಲಿ ತಮ್ಮ ಸಮಾಜದ ಮಕ್ಕಳನ್ನೇ ಆ ದೃಷ್ಟಿಯಿಂದ ನೋಡಿದರು. ೧೯೧೭ರಲ್ಲಿ ಅವರ ಚಿಕಿತ್ಸೆಯಲ್ಲಿದ್ದವರಲ್ಲಿ ಕವಿ ಸೀಗ್‌ಫ್ರೀಡ್ ಸಸೂನ್ ಒಬ್ಬರೆಂಬುದು ಆಂಗ್ಲಸಾಹಿತ್ಯದ ಅಧ್ಯಾಪಕರಿಗೆ ತಿಳಿದೇ ಇದೆ.

ಸಾಮಾನ್ಯ ಸಿಪಾಯಿಗೆ ಮಾತು ನಿಲ್ಲುವುದು, ಕೈಕಾಲು ಸೆಟೆಯುವುದು ಮುಂತಾದ ದೈಹಿಕ ವಿಕಾರಗಳು ಹೆಚ್ಚಾಗಿ ಬರುತ್ತಿದ್ದುವು. ಅಧಿಕಾರಿಗಳಿಗಾದರೋ ಚಿಂತೆ, ದುಃಸ್ವಪ್ನ, ತಳಮಳಗಳು ಹೆಚ್ಚು. ಈ ಭೇದಕ್ಕೆ ರಿವರ್ಸ್ ಅವರು ಕಾರಣವನ್ನು ರಕ್ತದಲ್ಲಿ ಹುಡುಕದೆ ಶಿಕ್ಷಣದಲ್ಲಿ ಹುಡುಕಿದರು. ಇಂಗ್ಲೆಂಡಿನ ಪಬ್ಲಿಕ್ ಸ್ಕೂಲುಗಳಲ್ಲಿ ಕಲಿತ ಹುಡುಗನು ಅಂಜಿಕೆಯನ್ನು ತೋರಗೊಡದೆ ಅದುಮಿಡುವುದನ್ನು ಎಳವೆಯಿಂದಲೇ ರೂಢಿಸಿಕೊಂಡಿರುತ್ತಾನೆ. ಅವನು ಅಧಿಕಾರಿಯಾಗಿ ತನ್ನ ಕೈಕೆಳಗಿನವರ ಹೊಣೆಯನ್ನೂ ಹೊತ್ತಾಗ, ಅದುಮಿಟ್ಟ ಭಯವು ಹೊರದಾರಿ ಕಾಣದೆ ಚಿಂತೆಯ ರೂಪದಲ್ಲಿ ಅವನನ್ನು ಒಳಗಿನಿಂದ ಕೊರೆಯುತ್ತದೆ. ಇಲ್ಲಿ ಬಾಲ್ಯವು ದೌರ್ಬಲ್ಯಕ್ಕಲ್ಲ, ಸಮಾಜವು ಸದ್ಗುಣವೆಂದು ಹೊಗಳುವ ಧೈರ್ಯಕ್ಕೇ ತಳಹದಿಯಾಗಿದ್ದು, ಆ ಧೈರ್ಯದ ಬೆಲೆಯಾಗಿ ರೋಗವು ಬಂದಿತೆಂಬುದನ್ನು ಗಮನಿಸಬೇಕು. ಯೋಧನನ್ನು ನಿಂದಿಸದೆ ಅವನ ಬಾಲ್ಯವನ್ನು ವಿಚಾರಿಸಬಹುದೆಂದು ರಿವರ್ಸ್ ಅವರು ತೋರಿಸಿಕೊಟ್ಟರು.

ಆದರೆ ರಾಜಕಾರ್ಯದಲ್ಲಿ ಗೆದ್ದುದು ಈ ದೃಷ್ಟಿಯಲ್ಲ. ಸೌತ್‌ಬರೋ ಪ್ರಭುಗಳ ಅಧ್ಯಕ್ಷತೆಯಲ್ಲಿ ಬ್ರಿಟಿಷ್ ಯುದ್ಧಮಂತ್ರಾಲಯವು ನೇಮಿಸಿದ ಸಮಿತಿಯು ೧೯೨೨ರಲ್ಲಿ ವರದಿಯನ್ನು ಒಪ್ಪಿಸಿ, ಷೆಲ್ ಷಾಕ್ ಎಂಬ ಹೆಸರನ್ನು ಕೈಬಿಡಬೇಕೆಂದೂ, ಸೈನ್ಯಕ್ಕೆ ಸೇರುವವರ ಮಾನಸಿಕ ಸ್ಥಿತಿಯನ್ನು ಹೆಚ್ಚು ಎಚ್ಚರಿಕೆಯಿಂದ ಪರೀಕ್ಷಿಸಬೇಕೆಂದೂ ಸಲಹೆಮಾಡಿತು. ದುರ್ಬಲರನ್ನು ಬಾಗಿಲಲ್ಲಿಯೇ ತಡೆದರೆ ರೋಗವೇ ಬಾರದೆಂಬ ಭರವಸೆಯು ಅಂದಿನಿಂದ ಬೇರೂರಿತು.

೪

ಈ ಭರವಸೆಯನ್ನು ಒರೆಗಲ್ಲಿಗೆ ಹಚ್ಚಿದವರು ಅಮೆರಿಕದವರು. ಎರಡನೆಯ ಮಹಾಯುದ್ಧವು ಸಮೀಪಿಸುತ್ತಿದ್ದಾಗ, ಮನೋವೈದ್ಯ ಹ್ಯಾರಿ ಸ್ಟ್ಯಾಕ್ ಸಲಿವನ್ ಅವರ ಸಲಹೆಯಂತೆ, ದಂಡಿಗೆ ಸೇರಿಸಿಕೊಳ್ಳುವವರನ್ನು ಮನೋದೃಷ್ಟಿಯಿಂದಲೂ ಸೋಸುವ ಏರ್ಪಾಡು ೧೯೪೦-೪೧ರಲ್ಲಿ ಆರಂಭವಾಯಿತು. ವೈದ್ಯನು ಕೆಲವು ನಿಮಿಷಗಳಲ್ಲಿ ಪ್ರಶ್ನೆಗಳನ್ನು ಕೇಳಿ ತೀರ್ಮಾನಕೊಡುತ್ತಿದ್ದನು. ಯುದ್ಧವು ಮುಗಿಯುವ ವೇಳೆಗೆ ಹದಿನೇಳು ಲಕ್ಷಕ್ಕೂ ಮೇಲ್ಪಟ್ಟು ಜನರನ್ನು ಮನೋದೌರ್ಬಲ್ಯದ ಕಾರಣದಿಂದ ಹಿಂದಕ್ಕೆ ಕಳುಹಿಸಲಾಗಿದ್ದಿತು.

ಫಲವು ಎಣಿಕೆಗೆ ವಿರುದ್ಧವಾಯಿತು. ಇಷ್ಟೊಂದು ಜನರನ್ನು ಸೋಸಿ ತೆಗೆದ ಮೇಲೂ ಸೈನ್ಯದಲ್ಲಿ ಮಾನಸಿಕವಾಗಿ ಕುಸಿದವರ ಪ್ರಮಾಣವು ಹಿಂದಿನ ಯುದ್ಧದ ಎರಡರಷ್ಟಕ್ಕೂ ಮೀರಿತು. ೧೯೪೩ರಲ್ಲಿ ಉತ್ತರ ಆಫ್ರಿಕದ ಟ್ಯುನೀಷಿಯದ ಕಾಳಗಗಳಲ್ಲಿ, ಯಾವ ದೋಷವೂ ಇಲ್ಲವೆಂದು ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದವರೇ ಗುಂಪುಗುಂಪಾಗಿ ಆಸ್ಪತ್ರೆಗಳನ್ನು ಸೇರಿದರು. ಇತ್ತ, ತಿರಸ್ಕೃತರಾದವರಲ್ಲಿ ಅನೇಕರು ಒಳ್ಳೆಯ ಯೋಧರೇ ಆಗಬಹುದಾಗಿದ್ದವರು. ೧೯೪೪ರಲ್ಲಿ ಸೇನಾಧಿಪತಿ ಜಾರ್ಜ್ ಮಾರ್ಷಲ್ ಅವರು ಈ ಸೋಸಾಟವನ್ನು ನಿಲ್ಲಿಸಿದರು.

ಅನುಭವವು ಕಲಿಸಿದ ಪಾಠವನ್ನು ಜಾನ್ ಆಪೆಲ್, ಗಿಲ್ಬರ್ಟ್ ಬೀಬ್ ಎಂಬವರು ೧೯೪೬ರಲ್ಲಿ ಅಂಕಿಗಳೊಡನೆ ಮಂಡಿಸಿದರು. ಸುಮಾರು ೨೦೦ರಿಂದ ೨೪೦ ದಿನಗಳ ಕಾಳಗವಾಗುವ ಹೊತ್ತಿಗೆ ಕಾಲಾಳು ಪಡೆಗಳಲ್ಲಿ ಮೊದಲಿನಿಂದ ಇದ್ದವರ ಪೈಕಿ ಸೇವೆಯಲ್ಲಿ ಉಳಿದವರು ಅತ್ಯಲ್ಪ. ಸಾಯದವರೂ ಗಾಯಗೊಳ್ಳದವರೂ ಮನಸ್ಸಿನಲ್ಲಿ ಸೋತಿದ್ದರು. ಅದೇ ಸುಮಾರಿಗೆ, ೧೯೪೫ರಲ್ಲಿ, ಮೊದಲನೆಯ ಯುದ್ಧದಲ್ಲಿ ಕಂದಕಗಳ ವೈದ್ಯರಾಗಿದ್ದ ಮೊರನ್ ಪ್ರಭುಗಳು ಧೈರ್ಯವನ್ನು ಕುರಿತ ತಮ್ಮ ಗ್ರಂಥದಲ್ಲಿ, ಧೈರ್ಯವು ಪ್ರತಿಯೊಬ್ಬನಲ್ಲಿಯೂ ಮಿತವಾಗಿರುವ ಇಡುಗಂಟೆಂದೂ, ಯುದ್ಧವು ಅದನ್ನು ದಿನದಿನವೂ ವ್ಯಯಮಾಡಿಸುವುದೆಂದೂ ಪ್ರತಿಪಾದಿಸಿದರು. ಈ ಉಪಮಾನದಲ್ಲಿ ಎರಡು ಪಕ್ಷಗಳಿಗೂ ಸ್ಥಳವುಂಟು. ಗಂಟಿನ ಮೊತ್ತವು ಮನುಷ್ಯನಿಂದ ಮನುಷ್ಯನಿಗೆ ಬೇರೆಯಾಗಬಹುದು. ಆದರೆ ಎಷ್ಟು ದೊಡ್ಡ ಗಂಟಾದರೂ ಖರ್ಚು ನಿಲ್ಲದಿದ್ದರೆ ಒಂದು ದಿನ ಬರಿದಾಗಲೇಬೇಕು.

೫

ವಿಯೆಟ್ನಾಮಿನ ಯುದ್ಧದ ತರುವಾಯ ಲೋಲಕವು ಇನ್ನೊಂದು ಕೊನೆಗೆ ತೂಗಿತು. ಹಿಂದಿರುಗಿದ ಯೋಧರೂ ಅವರ ಪರವಾಗಿ ನಿಂತ ರಾಬರ್ಟ್ ಲಿಫ್ಟನ್, ಖೈಮ್ ಶಟಾನ್ ಮೊದಲಾದ ಮನೋವೈದ್ಯರೂ ನಡೆಸಿದ ಪ್ರಯತ್ನದ ಫಲವಾಗಿ ೧೯೮೦ರಲ್ಲಿ ರೋಗಕ್ಕೆ ಹೊಸ ಹೆಸರು ದೊರೆತುದನ್ನು ಮೇಲೆ ಹೇಳಿದೆ. ಅದರ ಲಕ್ಷಣವಾಕ್ಯದಲ್ಲಿಯೇ, ಹೆಚ್ಚುಕಡಮೆ ಯಾರಲ್ಲಿಯಾದರೂ ತೀವ್ರವೇದನೆಯನ್ನು ಹುಟ್ಟಿಸಬಲ್ಲಂತಹ ಘಟನೆಯು ರೋಗಕ್ಕೆ ಕಾರಣವಾಗಿರಬೇಕೆಂದು ವಿಧಿಸಲಾಯಿತು. ಯೋಧನ ಮೇಲಣ ಕಳಂಕವನ್ನು ತೊಡೆಯುವುದಕ್ಕೆ ಇದು ಅಗತ್ಯವಾಗಿದ್ದಿತು. ಆದರೆ ಬಾಲ್ಯದ ಮಾತೆತ್ತಿದವರನ್ನು ಯೋಧದ್ರೋಹಿಗಳೆಂಬಂತೆ ನೋಡುವ ಸಂಕೋಚವೂ ಇದರಿಂದ ಹುಟ್ಟಿತು. ಆದರೂ ಹಳೆಯ ಪ್ರಶ್ನೆ ಉಳಿದೇ ಇದ್ದಿತು. ಅಮೆರಿಕದ ಶಾಸನಸಭೆಯ ಅಪ್ಪಣೆಯಂತೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಿಯೆಟ್ನಾಮಿಗೆ ಹೋಗಿಬಂದ ಗಂಡಸರಲ್ಲಿ ಜೀವಮಾನದಲ್ಲಿ ಎಂದಾದರೂ ಈ ರೋಗಕ್ಕೀಡಾದವರು ನೂರಕ್ಕೆ ೩೦.೯, ೨೦೦೬ರಲ್ಲಿ ಬ್ರೂಸ್ ಡೋರೆನ್‌ವೆಂಡ್ ಮೊದಲಾದವರು ಅದೇ ಸಾಮಗ್ರಿಯನ್ನು ಸೈನ್ಯದ ದಾಖಲೆಗಳೊಡನೆ ತಾಳೆನೋಡಿ ಅದನ್ನು ೧೮.೭ಕ್ಕೆ ಇಳಿಸಿದರು. ಯಾವ ಲೆಕ್ಕವನ್ನು ಹಿಡಿದರೂ ಹೆಚ್ಚಿನವರು ರೋಗಕ್ಕೆ ಒಳಗಾಗಲಿಲ್ಲವಷ್ಟೆ.

ಬಾಲ್ಯದ ಕಡೆಗೆ ದೃಷ್ಟಿಯನ್ನು ಮತ್ತೆ ತಿರುಗಿಸಿದ ಸಂಶೋಧನೆಗಳಲ್ಲಿ ೧೯೯೩ರ ಡಗ್ಲಸ್ ಬ್ರೆಮ್ನರ್ ಮೊದಲಾದವರದು ಪ್ರಸಿದ್ಧವಾದುದು. ರೋಗವಿದ್ದ ೩೮ ವಿಯೆಟ್ನಾಮ್ ಯೋಧರಲ್ಲಿ ನೂರಕ್ಕೆ ೨೬ ಮಂದಿ ಬಾಲ್ಯದಲ್ಲಿ ದೈಹಿಕ ಹಿಂಸೆಯನ್ನು ಅನುಭವಿಸಿದ್ದರು. ರೋಗವಿಲ್ಲದ ೨೮ ಯೋಧರಲ್ಲಿ ಹಾಗೆ ಅನುಭವಿಸಿದ್ದವರು ನೂರಕ್ಕೆ ೭ ಮಾತ್ರ. ಗುಂಪುಗಳು ಚಿಕ್ಕವಾದರೂ ಭೇದವು ದೊಡ್ಡದು. ಅದೇ ವರ್ಷ, ಯುದ್ಧಕಾಲದ ಅವಳಿ ಸಹೋದರರನ್ನು ಪರೀಕ್ಷಿಸಿದ ವಿಲಿಯಂ ಟ್ರೂ ಮೊದಲಾದವರು ರೋಗಲಕ್ಷಣಗಳಲ್ಲಿ ಕಾಣುವ ವ್ಯತ್ಯಾಸದಲ್ಲಿ ಸುಮಾರು ಮೂರರಲ್ಲೊಂದು ಪಾಲು ಅನುವಂಶೀಯವೆಂದು ಗಣಿಸಿದರು. ೨೦೦೨ರಲ್ಲಿ ಮಾರ್ಕ್ ಗಿಲ್ಬರ್ಟ್‌ಸನ್ ಮೊದಲಾದವರು ಇನ್ನೂ ಸೂಕ್ಷ್ಮವಾದ ಪರೀಕ್ಷೆಯನ್ನು ನಡೆಸಿದರು. ತೀವ್ರವಾದ ರೋಗವುಳ್ಳವರ ಮಿದುಳಿನಲ್ಲಿ ಹಿಪೊಕ್ಯಾಂಪಸ್ ಎಂಬ ಸ್ಮೃತಿಸ್ಥಾನವು ಚಿಕ್ಕದಾಗಿರುವುದು ಮೊದಲೇ ತಿಳಿದಿದ್ದಿತು. ಯುದ್ಧದ ಸಂಕಟವೇ ಅದನ್ನು ಕುಗ್ಗಿಸಿತೆಂದು ಎಣಿಸಲಾಗಿದ್ದಿತು. ಆದರೆ ಯುದ್ಧಕ್ಕೇ ಹೋಗದೆ ಮನೆಯಲ್ಲಿ ಉಳಿದ ಅವರ ಅವಳಿ ಸಹೋದರರಲ್ಲಿಯೂ ಆ ಭಾಗವು ಚಿಕ್ಕದಾಗಿಯೇ ಇದ್ದಿತು! ಅಂದಮೇಲೆ ಅದು ಯುದ್ಧದ ಗುರುತಲ್ಲ; ಹುಟ್ಟಿನಿಂದಲೋ ಒಂದೇ ಮನೆಯ ಬಾಲ್ಯದಿಂದಲೋ ಬಂದ ಗುರುತು.

ಇಷ್ಟರಿಂದ ಮ್ಯೂನಿಕ್ಕಿನ ವೈದ್ಯರ ಮಾತೇ ಸರಿಯಾಯಿತೆಂದು ಹೇಳಬಹುದೇ? ಹೇಳಲಾಗದು. ಕ್ರಿಸ್ ಬ್ರೂಯಿನ್ ಮೊದಲಾದವರು ೨೦೦೦ದಲ್ಲಿ ೭೭ ಸಂಶೋಧನ ಲೇಖನಗಳನ್ನು ಒಟ್ಟುಗೂಡಿಸಿ ೧೪ ಕಾರಣಾಂಶಗಳ ಬಲಾಬಲವನ್ನು ತೂಗಿನೋಡಿದರು. ಬಾಲ್ಯದ ಹಿಂಸೆ, ಹಿಂದಿನ ಮನೋವ್ಯಾಧಿ, ಮನೆತನದ ಮನೋವ್ಯಾಧಿ ಇವು ಎಲ್ಲ ಬಗೆಯ ಜನರಲ್ಲಿಯೂ ಒಂದೇ ಸಮನಾಗಿ ಪರಿಣಾಮವನ್ನು ತೋರಿದುವು. ಆದರೆ ಆ ಪರಿಣಾಮವು ಸಾಧಾರಣ ಮಟ್ಟದ್ದು. ಆಘಾತದ ತೀವ್ರತೆ, ಆಘಾತವಾದ ಮೇಲೆ ನೆರವಿಲ್ಲದಿರುವುದು, ಬಳಿಕ ಬಂದೊದಗುವ ಇತರ ಕಷ್ಟಗಳು, ಇವುಗಳ ಬಲವು ಅದಕ್ಕಿಂತ ಹೆಚ್ಚಿನದಾಗಿದ್ದಿತು.

೨೦೧೩ರಲ್ಲಿ ಡೋರೆನ್‌ವೆಂಡ್ ಮೊದಲಾದವರು ೨೬೦ ವಿಯೆಟ್ನಾಮ್ ಯೋಧರ ವಿಷಯದಲ್ಲಿ ಪ್ರಕಟಿಸಿದ ವಿಚಾರವು ಈ ವಿವಾದವನ್ನು ಬಹುಮಟ್ಟಿಗೆ ಇತ್ಯರ್ಥಗೊಳಿಸುವಂತಹುದು. ರೋಗಕ್ಕೀಡಾದವರಲ್ಲಿ ನೂರಕ್ಕೆ ೯೮ ಮಂದಿ ಕಾಳಗದ ಆಘಾತವನ್ನು ಕಂಡವರೇ. ಆದರೆ ಅಂತಹ ಆಘಾತವನ್ನು ಕಂಡವರಲ್ಲಿ ರೋಗಕ್ಕೀಡಾದವರು ನೂರಕ್ಕೆ ೩೧.೬ ಮಾತ್ರ. ಅಂದರೆ ಕಾಳಗವಿಲ್ಲದೆ ಈ ರೋಗವಿಲ್ಲ. ಕಾಳಗವೊಂದರಿಂದಲೇ ರೋಗವೂ ಇಲ್ಲ. ಬಾಲ್ಯದಲ್ಲಿ ಹಿಂಸೆಗೆ ಗುರಿಯಾಗಿದ್ದವರು, ಮೊದಲೇ ಮನೋವ್ಯಾಧಿಯಿದ್ದವರು, ಇಪ್ಪತ್ತೈದು ವರ್ಷ ತುಂಬುವ ಮೊದಲೇ ರಣರಂಗವನ್ನು ಸೇರಿದವರು ಹೆಚ್ಚಾಗಿ ಸೋತರು. ಕೊನೆಯ ಗುಂಪಿನವರ ಅಪಾಯವು ಹಿರಿಯರ ಅಪಾಯಕ್ಕಿಂತ ಏಳರಷ್ಟು. ನಾಗರಿಕರಿಗೋ ಸೆರೆಯಾಳುಗಳಿಗೋ ಕೈಯಾರೆ ಕೇಡುಮಾಡಿದವರೂ ಅಧಿಕವಾಗಿ ನರಳಿದರು. ತೀವ್ರವಾದ ಕಾಳಗ, ಪೂರ್ವದೌರ್ಬಲ್ಯ, ಇಂತಹ ದುಷ್ಕೃತ್ಯ ಮೂರೂ ಕೂಡಿದಲ್ಲಿ ರೋಗದ ಸಂಭವವು ನೂರಕ್ಕೆ ೯೭ರವರೆಗೆ ಏರಿತು.

ಇದಕ್ಕೆ ಪ್ರತಿಯಾಗಿ, ಆಫ್ಘಾನಿಸ್ಥಾನಕ್ಕೆ ಹೋದ ೭೪೬ ಮಂದಿ ಡೇನಿಷ್ ಸೈನಿಕರನ್ನು ಹೊರಡುವ ಮೊದಲಿನಿಂದ ಹಿಂದಿರುಗಿದ ಮೇಲಿನವರೆಗೆ ಹಿಂಬಾಲಿಸಿ ಡಾರ್ಥೆ ಬರ್ನ್ಟ್‌ಸೆನ್ ಮೊದಲಾದವರು ೨೦೧೨ರಲ್ಲಿ ಪ್ರಕಟಿಸಿದ ವೃತ್ತಾಂತವುಂಟು. ವೂಲ್ಫ್‌ಸನ್ನರ ಕ್ರಮದಲ್ಲಿದ್ದ ದೋಷವನ್ನು ಇದು ಬಹುಪಾಲು ನಿವಾರಿಸಿತು. ಏಕೆಂದರೆ ಬಾಲ್ಯದ ವಿಷಯವನ್ನು ರೋಗವು ಬರುವ ಮೊದಲೇ ಕೇಳಲಾಗಿದ್ದಿತು. ನೂರಕ್ಕೆ ೮೪ ಮಂದಿ ಉದ್ದಕ್ಕೂ ಸ್ವಸ್ಥರಾಗಿಯೇ ಇದ್ದರು. ಉಳಿದವರನ್ನು ಇವರಿಂದ ಬೇರ್ಪಡಿಸಿದುದು ಯುದ್ಧಭೂಮಿಯಲ್ಲಿ ಪಟ್ಟ ಪಾಡಲ್ಲ. ಹಿಂದಿನ ಮನಃಕ್ಲೇಶಗಳು, ವಿಶೇಷವಾಗಿ ಬಾಲ್ಯದಲ್ಲಿ ಮನೆಯೊಳಗೆ ಉಂಡ ಹಿಂಸೆ. ಅವರಲ್ಲಿ ಕೆಲವರು ದಂಡಿನಲ್ಲಿದ್ದಷ್ಟು ಕಾಲವೂ ಮೊದಲಿಗಿಂತ ನೆಮ್ಮದಿಯಾಗಿದ್ದು, ಮನೆಗೆ ಹಿಂದಿರುಗಿದ ಮೇಲೆ ಮತ್ತೆ ಕೆಟ್ಟರೆಂಬುದು ಮನಸ್ಸನ್ನು ಕಲಕುವ ಸಂಗತಿ. ಅವರಿಗೆ ಜೊತೆಗಾರರ ಬೆಂಬಲವು ಜೀವಮಾನದಲ್ಲಿ ಮೊದಲು ದೊರೆತುದು ಪಾಳೆಯದಲ್ಲಿಯೇ ಇರಬೇಕು.

ಈ ಊಹೆಗೆ ಅಮೆರಿಕದ ಒಂದು ಸಮೀಕ್ಷೆಯೂ ಪೋಷಕವಾಗಿದೆ. ಅಲ್ಲಿ ೧೯೭೩ರಲ್ಲಿ ಕಡ್ಡಾಯದ ಸೈನ್ಯಸೇವೆಯು ನಿಂತಿತು. ಜಾನ್ ಬ್ಲಾಸ್ನಿಚ್ ಮೊದಲಾದವರು ೨೦೧೪ರಲ್ಲಿ ತೋರಿಸಿದಂತೆ, ಕಡ್ಡಾಯದ ಕಾಲದಲ್ಲಿ ಸೇವೆಮಾಡಿದ ಗಂಡಸರ ಬಾಲ್ಯಕ್ಕೂ ಸೇವೆಮಾಡದವರ ಬಾಲ್ಯಕ್ಕೂ ಹೆಚ್ಚಿನ ಭೇದವಿರಲಿಲ್ಲ; ಸ್ವಇಚ್ಛೆಯ ಕಾಲದಲ್ಲಿ ಸೇರಿದವರಾದರೋ ಸೇರದವರಿಗಿಂತ ಬಾಲ್ಯದಲ್ಲಿ ಬಹಳ ಹೆಚ್ಚು ಕಷ್ಟಗಳನ್ನು ಕಂಡವರಾಗಿದ್ದರು. ಕೆಟ್ಟ ಮನೆಯಿಂದ ಪಾರಾಗುವ ದಾರಿಯಾಗಿ ಹಲವರು ಸೈನ್ಯವನ್ನು ಆರಿಸಿಕೊಂಡರೆಂದು ಇದರಿಂದ ಊಹಿಸಬಹುದು. ಹಾಗಿದ್ದರೆ, ಬಾಲ್ಯದಲ್ಲಿ ನೊಂದವರನ್ನೇ ಒಂದು ರಾಷ್ಟ್ರವು ತನ್ನ ರಕ್ಷಣೆಗೆ ಹೆಚ್ಚಾಗಿ ಕಳುಹಿಸುತ್ತಿದೆಯೆಂದಾಯಿತು.

೬

ಇಲ್ಲಿಯವರೆಗಿನ ವಿಮರ್ಶೆಯಿಂದ ಮೂರು ಅಂಶಗಳು ಸಿದ್ಧವಾಗುತ್ತವೆ. ಒಂದನೆಯದಾಗಿ, ಯೋಧನ ಬಾಲ್ಯವು ಆಘಾತೋತ್ತರ ಮನೋವ್ಯಾಧಿಯ ನಿಜವಾದ ಕಾರಣಗಳಲ್ಲೊಂದು. ಇದನ್ನು ಅಲ್ಲಗಳೆಯುವುದು ಶಾಸ್ತ್ರಕ್ಕೆ ದೂರ. ಎರಡನೆಯದಾಗಿ, ಅದು ಸ್ವತಂತ್ರ ಕಾರಣವಲ್ಲ. ಬಾಲ್ಯದ ನೋವು ಯಾರು ಮೊದಲು ಕುಸಿಯುವರೆಂಬುದನ್ನು ಹೇಳಬಲ್ಲುದು. ಕುಸಿಯುವಂತೆ ಮಾಡುವುದು ಯುದ್ಧವೇ. ಭಾರವು ಮಿತಿಮೀರಿದಲ್ಲಿ ಬಲಿಷ್ಠನೂ ಬೀಳುವನೆಂಬುದನ್ನು ಎರಡನೆಯ ಮಹಾಯುದ್ಧವು ತೋರಿಸಿತು. ಭಾರವು ಹಗುರವಾದಲ್ಲಿ ಹಳೆಯ ಗಾಯವುಳ್ಳವನೇ ಎದ್ದುಕಾಣುವನು. ಮೂರನೆಯದಾಗಿ, ಒಂದು ಗುಂಪಿಗೆ ಅನ್ವಯಿಸುವ ಪ್ರಮಾಣವನ್ನು ಹಿಡಿದು ಒಬ್ಬ ವ್ಯಕ್ತಿಯ ಭವಿಷ್ಯವನ್ನು ಹೇಳಲಾಗದು. ಹಿಂಸೆಯಲ್ಲಿ ಬೆಳೆದೂ ರಣರಂಗದಲ್ಲಿ ಅಚಲರಾಗಿ ನಿಂತವರು ಎಲ್ಲ ಸೈನ್ಯಗಳಲ್ಲಿಯೂ ಇದ್ದಾರೆ; ಹದಿನೇಳು ಲಕ್ಷ ಜನರನ್ನು ಹಿಂದಕ್ಕೆ ಕಳುಹಿಸಿದವರು ಮರೆತುದು ಇದನ್ನೇ.

ಮೊದಲನೆಯ ಮಹಾಯುದ್ಧದಲ್ಲಿ ಪಲಾಯನ, ಹೇಡಿತನ ಮೊದಲಾದ ಅಪರಾಧಗಳಿಗಾಗಿ ತಮ್ಮ ಸೈನ್ಯದ ಗುಂಡಿಗೇ ಬಲಿಯಾದ ಬ್ರಿಟಿಷ್ ಸಾಮ್ರಾಜ್ಯದ ೩೦೬ ಮಂದಿ ಸೈನಿಕರಿಗೆ ಬ್ರಿಟಿಷ್ ಪಾರ್ಲಿಮೆಂಟು ೨೦೦೬ರಲ್ಲಿ ಕ್ಷಮಾದಾನವನ್ನು ಕೊಟ್ಟಿತು. ಅವರಲ್ಲಿ ಯಾರು ರೋಗಿಗಳಾಗಿದ್ದರು, ಯಾರ ಬಾಲ್ಯವು ಹೇಗಿದ್ದಿತು ಎಂಬುದನ್ನು ವಿಚಾರಿಸುವ ಕಾಲವು ಮೀರಿಹೋಗಿದೆ. ಆದರೆ ಬದುಕಿರುವ ಯೋಧರ ವಿಷಯದಲ್ಲಿ ಆ ಕಾಲವು ಮೀರಿಲ್ಲ. ಬಾಲ್ಯವನ್ನು ಕುರಿತ ಪ್ರಶ್ನೆಯನ್ನು ಪಿಂಚಣಿಯ ಗುಮಾಸ್ತನು ಕೇಳಿದರೆ ಯೋಧನು ಬಾಯಿಮುಚ್ಚಿಕೊಳ್ಳುವನು. ಚಿಕಿತ್ಸೆಮಾಡುವ ವೈದ್ಯನು ಕೇಳಿದರೆ ಅದೇ ಪ್ರಶ್ನೆಯು ಅವನಿಗೆ ಆಸರೆಯಾಗುವುದು. ಮೊದಲೇ ಗಾಯಗೊಂಡಿದ್ದವನನ್ನು ತಿಳಿದೋ ತಿಳಿಯದೆಯೋ ಯುದ್ಧಕ್ಕೆ ಕಳುಹಿಸಿದ ರಾಜ್ಯಕ್ಕೆ ಅವನ ವಿಷಯದಲ್ಲಿರುವ ಋಣವು ಆ ಹಳೆಯ ಗಾಯದಿಂದ ಕಡಮೆಯಾಗುವುದಿಲ್ಲ, ಇನ್ನಷ್ಟು ಹೆಚ್ಚಾಗುತ್ತದೆ.